ಕುತ್ತಿಗೆ ಬಿಟ್ಟು ಹೊದಿಸಿದ ಶಾಲು

ನಾನು ಒಂದು ಗೊಂಬೆ. ಗೊಂಬೆ ಅಂದ ಕೂಡಲೇ ದಸರೆಯಲ್ಲಿ ಸೀರೆ ಉಟ್ಟು ಮೆಟ್ಟಿಲ ಮೇಲೆ ಕೂರುವ ಪಟ್ಟದ ಗೊಂಬೆಯನ್ನು ನೆನೆಸಿಕೊಳ್ಳಬೇಡಿ. ಅವರೆಲ್ಲ ಪುಣ್ಯವಂತರು, ಆರತಿ ಎತ್ತಿಸಿಕೊಳ್ಳುವವರು. ನಾನು ನೆಲದ ಮೇಲೆ ಅಂಗಾತ ಬಿದ್ದುಕೊಳ್ಳುವವನು. ತಲೆ ಇದೆ, ಕುತ್ತಿಗೆ ಇದೆ, ಎದೆ ಇದೆ, ಹೊಟ್ಟೆ ಅರ್ಧ ಇದೆ, ಅಲ್ಲಿಗೆ ಮುಗಿಯಿತು. ಕೈ ಇಲ್ಲ, ಕಾಲಿಲ್ಲ. ನನ್ನ ಕಸುಬು ಸಾಯುವುದು. ಉಸಿರು ನಿಂತವರನ್ನು ಬದುಕಿಸುವುದು ಹೇಗೆಂದು ಜನರಿಗೆ ಕಲಿಸಬೇಕಲ್ಲ, ಅದಕ್ಕೆ ಬೆಳಗಿನಿಂದ ಸಂಜೆಯವರೆಗೆ ಸಾಯುತ್ತೇನೆ, ಬದುಕುತ್ತೇನೆ, ಮುಂದಿನವರು ಬಂದರೆ ಮತ್ತೆ ಸಾಯುತ್ತೇನೆ.

ಹುಟ್ಟಿದ್ದು ಪುಣೆ ಕಡೆಯ ಒಂದು ಸಣ್ಣ ಕಾರ್ಖಾನೆಯಲ್ಲಿ. ಬಿಸಿ ರಬ್ಬರನ್ನು ಅಚ್ಚಿಗೆ ಸುರಿದು ನನ್ನ ಮುಖ ತೆಗೆದರು. ಎದೆಯೊಳಗೆ ಒಂದು ಪ್ಲಾಸ್ಟಿಕ್ ಚೀಲ ಇಟ್ಟರು, ಅದು ನನ್ನ ಶ್ವಾಸಕೋಶ. ಬಾಯಿಯಿಂದ ಆ ಚೀಲದವರೆಗೆ ಒಂದು ಕೊಳವೆ. ಕೊನೆಗೆ ಎದೆಯ ನಡುವೆ ಒಂದು ಸ್ಪ್ರಿಂಗ್ ಕೂರಿಸಿ, ಕೆಲಸದ ಹೆಂಗಸೊಬ್ಬಳು ಎರಡೂ ಅಂಗೈಯಿಂದ ಒತ್ತಿದಳು. ಟಕ್ ಎಂದಿತು. ಸರಿಯಾದಷ್ಟು ಆಳಕ್ಕೆ ಒತ್ತಿದರೆ ಮಾತ್ರ ಬರುವ ಸದ್ದು ಅದು. ಕಡಿಮೆ ಒತ್ತಿದರೆ ನಾನು ಬಾಯಿ ಬಿಡುವುದಿಲ್ಲ. ಬಾಯಿ ಬಿಡುವುದಿಲ್ಲ ಅಂದರೆ ಸದ್ದು ಮಾಡುವುದಿಲ್ಲ ಎಂದರ್ಥ, ಬಾಯಿ ಮಾತ್ರ ನನ್ನದು ಯಾವಾಗಲೂ ತೆರೆದೇ ಇರುತ್ತದೆ. ಕಣ್ಣು ಮುಚ್ಚಿರುತ್ತದೆ, ಆದರೂ ನನಗೆ ಎಲ್ಲ ಕಾಣುತ್ತದೆ. ಹೇಗೆ ಅಂತ ಕೇಳಬೇಡಿ. ಗೊಂಬೆ ಮಾತಾಡುವುದನ್ನು ಒಪ್ಪಿಕೊಂಡು ಇಲ್ಲಿವರೆಗೆ ಓದಿದ್ದೀರಿ, ಇದನ್ನೂ ಒಪ್ಪಿಕೊಂಡುಬಿಡಿ.

ಅಲ್ಲಿಂದ ಲಾರಿ ಹತ್ತಿ ಹುಬ್ಬಳ್ಳಿಯ ಒಂದು ನರ್ಸಿಂಗ್ ಶಾಲೆಗೆ ಬಂದೆ. ಪೆಟ್ಟಿಗೆ ಬಿಚ್ಚಿದ ದಿನ ಹುಡುಗಿಯರೆಲ್ಲ ಸುತ್ತ ನಿಂತು ಬಗ್ಗಿ ನೋಡಿದರು. ದಾನಮ್ಮ ಎಂಬ ಒಬ್ಬಳು, ಹಾವೇರಿ ಕಡೆಯವಳು, ಎರಡು ಜಡೆಯ ಬಡಕಲು ಹುಡುಗಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, "ಅಯ್ಯ, ಇಂವ ಅರ್ಧನ ಅದಾನಲ್ರೇ! ಅರ್ಧಪ್ಪ!" ಅಂದಳು. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಪೆಟ್ಟಿಗೆಯ ಮೇಲೆ ನನಗೆ ಬೇರೆ ಏನೋ ಹೆಸರಿತ್ತು. ಅದನ್ನು ಆಮೇಲೆ ಯಾರೂ ಕೇಳಲಿಲ್ಲ, ನಾನು ಅರ್ಧಪ್ಪನೇ ಆಗಿ ಉಳಿದೆ.

ಶಾಲೆಯಲ್ಲಿ ಕಲಿಸುತ್ತಿದ್ದದ್ದು ಒಂದೇ ಪಾಠ. ತಲೆ ಹಿಂದಕ್ಕೆ ಬಾಗಿಸು, ಗದ್ದ ಎತ್ತು, ಮೂಗು ಹಿಡಿ, ಬಾಯಲ್ಲಿ ಊದು, ಎದೆ ಒತ್ತು. ಮಧ್ಯಾಹ್ನ ಮಿರ್ಚಿ ಭಜಿ ತಿಂದು ಬಂದು ನನ್ನ ಬಾಯಲ್ಲಿ ಊದಿದವರು ಎಷ್ಟು ಜನವೋ! ಸತ್ತವನಿಗೆ ರುಚಿ ಇರುವುದಿಲ್ಲ ಅಂದುಕೊಂಡಿದ್ದರೋ ಏನೋ. ಕೆಲವರು ನನ್ನ ಎದೆಯನ್ನು ರೊಟ್ಟಿ ತಟ್ಟಿದಂತೆ ತಟ್ಟುತ್ತಿದ್ದರು, ಕೆಲವರು ಗಂಡನ ಮನೆಯ ಸಿಟ್ಟನ್ನೆಲ್ಲ ಈಗಲೇ ತೀರಿಸಿಕೊಳ್ಳುವವರಂತೆ ಗುದ್ದುತ್ತಿದ್ದರು. ನಾನು ಟಕ್ ಟಕ್ ಅನ್ನುತ್ತಿದ್ದೆ. ಪರೀಕ್ಷೆ ಪಾಸಾಗಿ, ಬಿಳಿ ಬಟ್ಟೆ ತೊಟ್ಟು ಹೊರಟುಹೋಗುತ್ತಿದ್ದರು.

ಹೋದವರು ಯಾರೂ ತಿರುಗಿ ಬಂದು ನನಗೆ ಏನೂ ಹೇಳಲಿಲ್ಲ. ನನ್ನ ಮೇಲೆ ಕಲಿತ ವಿದ್ಯೆಯಿಂದ ಒಬ್ಬರಾದರೂ ಬದುಕಿದರೋ ಇಲ್ಲವೋ? ಸಾವಿರ ಸಲ ಸತ್ತವನು ಇದಿಷ್ಟು ಕೇಳಬಾರದೇ? ಯಾರನ್ನು ಕೇಳಲಿ, ನನ್ನ ಬಾಯಿಂದ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಮಾತು ಹೊರಗೆ ಬರುವುದಿಲ್ಲ.

ವರ್ಷಗಳು ಉರುಳಿದವು. ಒಂದು ದಿನ ಶಾಲೆಗೆ ಹೊಸ ಗೊಂಬೆ ಬಂದ. ಕೈಕಾಲು ಎಲ್ಲ ಇದ್ದವು, ಎದೆಯ ಮೇಲೆ ಹಸಿರು ಕೆಂಪು ದೀಪ ಬೇರೆ. ನನ್ನನ್ನು ಸಾಮಾನಿನ ಕೋಣೆಗೆ ಎತ್ತಿಹಾಕಿದರು. ಆ ಕೋಣೆಯಲ್ಲೇ ಬಿಸ್ಕತ್ತಿನ ಡಬ್ಬಗಳೂ ಇರುತ್ತಿದ್ದವು, ಬಿಸ್ಕತ್ತಿಗೆ ಇಲಿಗಳು ಬರುತ್ತಿದ್ದವು. ಬಂದ ಇಲಿ ಬಿಸ್ಕತ್ತು ತಿಂದು ತೆಪ್ಪಗೆ ಹೋಗಬಾರದೇ? ನನ್ನ ಕುತ್ತಿಗೆಯನ್ನು ಕಡಿಯಿತು. ಎದೆಮೂಳೆಗಿಂತ ತುಸು ಮೇಲೆ, ಗಂಟಲ ಬುಡದಲ್ಲಿ, ರೂಪಾಯಿ ನಾಣ್ಯದಗಲ ತೂತು. ಆಮೇಲೆ ಯಾರೋ ಒಮ್ಮೆ ನನ್ನ ಬಾಯಲ್ಲಿ ಊದಿ ನೋಡಿದರು. ಗಾಳಿಯೆಲ್ಲ ಕುತ್ತಿಗೆಯಿಂದ ಬುಸ್ಸೆಂದು ಸೋರಿತು, ಎದೆ ಏಳಲಿಲ್ಲ. "ಇದರ ಕತೆ ಮುಗೀತು" ಅಂದರು. ಒಳ್ಳೆಯದಾಯಿತು, ಇನ್ನಾದರೂ ಭಜಿ ವಾಸನೆ ತಪ್ಪಿತು ಅಂತ ಹೊರಗೆ ಧೈರ್ಯ ತಂದುಕೊಂಡೆ. ಒಳಗೆ ಬಹಳ ಸಂಕಟವಾಯಿತು.

ಗುಜರಿಯವನ ಕೈಗಾಡಿಯ ಮೇಲೆ, ಮುರಿದ ಕುರ್ಚಿಗಳ ನಡುವೆ ತಲೆಕೆಳಗಾಗಿ ಬಿದ್ದಿದ್ದಾಗ ಒಂದು ದನಿ ಕೇಳಿತು. "ಏ ಏ, ತಡೀರಿ! ಇಂವ ನಮ್ಮ ಅರ್ಧಪ್ಪ ಅಲ್ಲೇನು?"

ದಾನಮ್ಮ! ಜಡೆ ಹೋಗಿ ತುರುಬು ಬಂದಿತ್ತು, ಮೈ ತುಂಬಿಕೊಂಡಿತ್ತು, ಕಣ್ಣಿಗೆ ಕನ್ನಡಕ. ಊರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕಿವಿ ಮೂಗು ಗಂಟಲಿನ ವಾರ್ಡಿಗೆ ಹಿರಿಯ ಸಿಸ್ಟರ್ ಆಗಿದ್ದಳು. ಶಾಲೆಗೆ ಪರೀಕ್ಷೆ ನಡೆಸಲು ಬಂದವಳು ಗೇಟಿನಲ್ಲಿ ನನ್ನನ್ನು ಕಂಡಳು. ನನ್ನನ್ನು ಮೇಲ್ಮುಖ ಮಾಡಿದಳು, ಕುತ್ತಿಗೆಯ ತೂತಿನ ಮೇಲೆ ಅವಳ ಬೆರಳು ನಿಂತಿತು. "ಅಯ್ಯ ಶಿವನ, ನಿನಗೂ ಆಪರೇಶನ್ ಆತೇನೋ?" ಅಂದಳು. ನಗುತ್ತಲೇ ಅಂದದ್ದು, ಆದರೆ ಅಂದವಳು ಹಾಗೇ ಯೋಚಿಸುತ್ತ ನಿಂತಳು.

ಬಸ್ಸಿನಲ್ಲಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಕಂಡಕ್ಟರ್ ಬಂದು, "ಏನ್ರೀ ಸಿಸ್ಟರ್, ಇವರಿಗೆ ಅರ್ಧ ಟಿಕೆಟ್ಟೋ ಪೂರ್ತಿನೋ?" ಅಂದ. ಬಸ್ಸೆಲ್ಲ ನಕ್ಕಿತು. ನನಗೇನೂ ಬೇಸರವಾಗಲಿಲ್ಲ. ಗುಜರಿಯಿಂದ ಎದ್ದು ಬಂದವನಿಗೆ ಯಾವ ಬೇಸರ!

ಆ ವಾರ್ಡಿನಲ್ಲಿ ನಾನು ಹೊಸ ಥರದ ಮನುಷ್ಯರನ್ನು ಕಂಡೆ. ತಂಬಾಕು, ಗುಟ್ಕಾ, ಬೀಡಿಯಿಂದ ಗಂಟಲಿಗೆ ಕ್ಯಾನ್ಸರ್ ಆಗಿ ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಂಡವರು. ಆ ಆಪರೇಶನ್ ಆದಮೇಲೆ ಬಾಯಿಗೂ ಉಸಿರಿಗೂ ಸಂಬಂಧವೇ ಉಳಿಯುವುದಿಲ್ಲ. ಬಾಯಿ ಊಟಕ್ಕೆ ಮಾತ್ರ. ಉಸಿರಾಟವೆಲ್ಲ ಕುತ್ತಿಗೆಯ ಬುಡದಲ್ಲಿ ಮಾಡಿದ ಒಂದು ತೂತಿನಿಂದ. ನನ್ನ ಕುತ್ತಿಗೆಯಲ್ಲಿ ಇಲಿ ಮಾಡಿದ ತೂತು ಎಲ್ಲಿತ್ತೋ, ಸರಿಸುಮಾರು ಅಲ್ಲಿಯೇ.

ದಾನಮ್ಮ ನನ್ನನ್ನು ಎತ್ತಿಕೊಂಡು ನೇರ ಖಾದ್ರಿ ಡಾಕ್ಟರ ಕೋಣೆಗೆ ಹೋದಳು. ಆಪರೇಶನ್ ಮಾಡುವವರು ಅವರೇ. ಹಿಂದಿನ ವರ್ಷ ಅವರ ಪೇಶಂಟ್ ಒಬ್ಬ ಊರಿಗೆ ಹೋದಮೇಲೆ ಕುಸಿದುಬಿದ್ದಿದ್ದ. ಪಾಪ, ಊರ ಜನ ಬಾಯಲ್ಲಿ ಊದಿದ್ದೇ ಊದಿದ್ದು. ಉಸಿರು ಹೋಗುವ ದಾರಿ ಅದಲ್ಲವೆಂದು ಯಾರಿಗೂ ಗೊತ್ತಿರಲಿಲ್ಲ. ಅವನು ಉಳಿಯಲಿಲ್ಲ.

"ಸರ್, ಇಂವನ್ನ ನೋಡ್ರಿ. ಇಂವನ ಮ್ಯಾಲೆ ಮನಿ ಮಂದಿಗೆ ಕಲಿಸೋಣು" ಅಂದಳು ದಾನಮ್ಮ.

ಖಾದ್ರಿ ಡಾಕ್ಟರು ಕನ್ನಡಕ ಹಣೆಗೇರಿಸಿ ನನ್ನ ಕುತ್ತಿಗೆಯೊಳಗೆ ಟಾರ್ಚ್ ಬಿಟ್ಟರು. "ಇಲಿ ಭಾರಿ ಸರ್ಜನ್ ಐತಲ್ಲವಾ! ಆದ್ರ ಕೆಲಸ ಅರ್ಧಕ್ಕ ಬಿಟ್ಟೈತಿ. ಬಾಯಿ ಕಡೆ ದಾರಿ ಮುಚ್ಚಬೇಕು, ಇಲ್ಲಾಂದ್ರ ಪಾಠ ಸುಳ್ಳಾಗತೈತಿ." ಅಂದವರೇ ತೋಳು ಮಡಚಿದರು. ಬ್ಲೇಡಿನಿಂದ ತೂತಿನ ಅಂಚನ್ನು ದುಂಡಗೆ ಕತ್ತರಿಸಿದರು, ಒಳಗಿನ ಕೊಳವೆಯ ತುದಿಯನ್ನು ಅದಕ್ಕೆ ಹೊಲಿದರು, ಬಾಯಿಯ ಕಡೆಗೆ ಎಂ-ಸೀಲ್ ಮೆತ್ತಿ ಭದ್ರ ಮಾಡಿದರು. "ಅನಸ್ತೇಶಿಯಾ ಬ್ಯಾಡೇನ್ರಿ ಸರ್?" ಅಂತ ದಾನಮ್ಮ ಚೇಷ್ಟೆ ಮಾಡಿದಳು. ಅಂದಿನಿಂದ ನನ್ನ ಬಾಯಲ್ಲಿ ಯಾರು ಎಷ್ಟೇ ಊದಲಿ, ನಾನು ಜಪ್ಪಯ್ಯ ಅಂದರೂ ಉಸಿರಾಡುವುದಿಲ್ಲ. ಕುತ್ತಿಗೆಯಲ್ಲಿ ಊದಿದರೆ ಎದೆ ಏಳುತ್ತದೆ.

ನನ್ನ ಕೆಲಸ ಅಷ್ಟಕ್ಕೇ ಮುಗಿಯಲಿಲ್ಲ. ಬೇರೆ ವಾರ್ಡಿನವರೂ ನನ್ನನ್ನು ಕೇಳಿ ಒಯ್ಯತೊಡಗಿದರು. ಹೆರಿಗೆ ವಾರ್ಡಿನಲ್ಲಿ ನನ್ನ ಅರ್ಧ ಹೊಟ್ಟೆಗೆ ಕುಂಬಳಕಾಯಿ ಕಟ್ಟಿ ನನ್ನನ್ನು ತುಂಬು ಬಸುರಿ ಮಾಡಿದರು. ಮಗುವಿನ ಭಾರ ತಾಯಿಯ ದೊಡ್ಡ ರಕ್ತನಾಳವನ್ನು ಒತ್ತುತ್ತದಂತೆ. ಅದಕ್ಕೆ ಒಬ್ಬರು ಹೊಟ್ಟೆಯನ್ನು ಎರಡೂ ಕೈಯಿಂದ ಎಡಕ್ಕೆ ಸರಿಸಿ ಹಿಡಿಯಬೇಕು, ಇನ್ನೊಬ್ಬರು ಎದೆ ಒತ್ತಬೇಕು. ಇನ್ನೊಂದು ದಿನ ನನ್ನನ್ನು ಬಕೆಟ್ ನೀರಿನಲ್ಲಿ ಅದ್ದಿ ಕೆರೆಯಲ್ಲಿ ಮುಳುಗಿದವನನ್ನಾಗಿ ಮಾಡಿದರು, ಹೊಟ್ಟೆ ಹಿಂಡಿ ನೀರು ತೆಗೆಯುತ್ತ ಕೂರಬೇಡಿ, ಮೊದಲು ಉಸಿರು ಕೊಡಿ ಅಂತ ಬಾಯಿಮಾತಲ್ಲೇ ಹೇಳಿಕೊಟ್ಟರು, ನನ್ನ ಬಾಯಿಯ ದಾರಿ ಮುಚ್ಚಿತ್ತಲ್ಲ. ಎಲ್ಲರೂ ಒಂದೇ ಥರ ಸಾಯುತ್ತಾರೆ, ಎಲ್ಲರಿಗೂ ಒಂದೇ ಪಾಠ ಸಾಕು ಅಂತ ಶಾಲೆಯಲ್ಲಿ ನಂಬಿದ್ದೆನಲ್ಲ, ಆ ನಂಬಿಕೆ ಸ್ವಲ್ಪ ಸ್ವಲ್ಪವಾಗಿ ಕಳಚಿತು. ಆದರೂ ನನ್ನ ಮನೆ ಅಂದರೆ ಗಂಟಲ ವಾರ್ಡೇ.

ಆ ವಾರ್ಡಿಗೆ ಸವಾಲ ಫಕೀರಪ್ಪ ಬಂದ. ಸವಾಲು ಅಂದರೆ ನಮ್ಮ ಕಡೆ ಹರಾಜು. ಮೆಣಸಿನಕಾಯಿ ಪೇಟೆಯ ಒಂದು ಊರಿನಲ್ಲಿ, ಕೆಂಪು ರಾಶಿಗಳ ನಡುವೆ ನಿಂತು, ದರ ಕೂಗುವುದು ಅವನ ಕೆಲಸವಾಗಿತ್ತು. ಅವನು ಯಾರ್ಡಿನಲ್ಲಿ ಕೂಗಿದರೆ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವವರಿಗೆ ಅಂದಿನ ಧಾರಣೆ ತಿಳಿಯುತ್ತಿತ್ತಂತೆ. ದವಡೆಯಲ್ಲಿ ಸದಾ ತಂಬಾಕು. ಅದೇ ಆ ಗಂಟಲನ್ನು ತಿಂದಿತು.

ದನಿ ಹೋಯಿತು, ಆದರೆ ಅವನಿಗೆ ಇನ್ನೊಂದು ಮಾತು ಗೊತ್ತಿತ್ತು. ಪೇಟೆಯಲ್ಲಿ ಕೆಲವು ವ್ಯಾಪಾರ ಬಾಯಲ್ಲಿ ಆಗುವುದಿಲ್ಲ. ಇಬ್ಬರು ಕೈ ಕೂಡಿಸಿ, ಮೇಲೆ ಟವೆಲ್ ಮುಚ್ಚಿ, ಒಳಗೆ ಬೆರಳು ಹಿಡಿದು ದರ ಹೇಳುತ್ತಾರೆ. ಪಕ್ಕದವನಿಗೆ ಕಾಣುವುದಿಲ್ಲ. ಒಂದೊಂದು ಬೆರಳಿಗೆ ಒಂದೊಂದು ಅರ್ಥ, ಕೊನೆಗೆ ಇಡೀ ಅಂಗೈಯನ್ನು ಗಟ್ಟಿಯಾಗಿ ಒತ್ತಿ ಹಿಡಿದರೆ ಒಪ್ಪಿದೆ, ವ್ಯಾಪಾರ ಕುದುರಿತು ಎಂದು. ಫಕೀರಪ್ಪ ಇದನ್ನು ತನ್ನ ಹೆಂಡತಿ ನೀಲವ್ವನಿಗೆ ಕಲಿಸಿದ. ಹಾಸಿಗೆಯ ಮೇಲೆ ಟವೆಲ್ ಮುಚ್ಚಿಕೊಂಡು ಇಬ್ಬರೂ ಕೈ ಹಿಡಿದು ಕೂರುತ್ತಿದ್ದರು. ನೀರು ಬೇಕು, ಸೆಖೆಯಾಗುತ್ತದೆ, ಆ ಡಾಕ್ಟರಿಗೆ ತಲೆ ಇಲ್ಲ, ಎಲ್ಲ ಬೆರಳಲ್ಲೇ. ನೀಲವ್ವ ಒಮ್ಮೊಮ್ಮೆ ಟವೆಲ್ ಕಿತ್ತೆಸೆದು, "ಹಂಗೆಲ್ಲ ಅನಬಾರದರಿ" ಅಂತ ಗದರುತ್ತಿದ್ದಳು.

ಒಂದು ವಿಷಯದಲ್ಲಿ ಮಾತ್ರ ಫಕೀರಪ್ಪ ಬಹಳ ಬಿಗಿ. ಕುತ್ತಿಗೆಯ ತೂತನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಚೈತ್ರದ ಬಿಸಿಲಿನಲ್ಲೂ ಮಫ್ಲರ್. ತೊಳೆದುಕೊಳ್ಳುವುದು ಬಚ್ಚಲ ಬಾಗಿಲು ಹಾಕಿಕೊಂಡು. ಕಟ್ಟಿಕೊಂಡ ಹೆಂಡತಿಗೂ ತೋರಿಸಿರಲಿಲ್ಲ. ನೀಲವ್ವನೂ ಕೇಳಿರಲಿಲ್ಲ.

ದಾನಮ್ಮ ಪೇಶಂಟುಗಳ ಮನೆಯವರಿಗೆಲ್ಲ ಪಾಠ ಹೇಳುವಾಗ ನೀಲವ್ವ ಬುತ್ತಿ ಗಂಟು ಹಿಡಿದು ಬಾಗಿಲಲ್ಲೇ ನಿಲ್ಲುತ್ತಿದ್ದಳು. ಒಳಗೆ ಕರೆದರೆ, "ನಾ ಒಲ್ಲೆ ಅಕ್ಕಾರ. ಮುತ್ತೈದಿ ಅದೇನಿ. ಗಂಡ ಬದುಕಿ ಕುಂತಾಗ ಸತ್ತ ಗೊಂಬಿ ಮುಟ್ಟಿ ಯಾಕ ಕಲೀಲಿ? ಅಪಶಕುನ" ಅನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು. ಅಪಶಕುನವಂತೆ! ನಾನೇನು ಸುಮ್ಮನೆ ಖುಷಿಗೆ ಸಾಯುತ್ತೇನೆಯೇ?

ದಾನಮ್ಮ ಒತ್ತಾಯ ಮಾಡಲಿಲ್ಲ. ನೀಲವ್ವ ಊರಿನಲ್ಲಿ ಕುಬಸ, ರವಿಕೆ ಹೊಲಿಯುವವಳೆಂದು ಅವಳಿಗೆ ಗೊತ್ತಿತ್ತು. ಒಂದು ದಿನ ತೆಳ್ಳನೆಯ ಜಾಳು ಬಟ್ಟೆ ತಂದು ಅವಳ ಮಡಿಲಿಗೆ ಹಾಕಿದಳು. "ಯವ್ವಾ, ಈ ತೂತಿನೊಳಗ ಧೂಳು ಹೋಗಬಾರದು. ಮೂಗಿನ್ಯಾಗ ಕೂದಲು ಇರತಾವು, ಇಲ್ಲಿ ಏನೂ ಇಲ್ಲ, ಎಲ್ಲಾ ಸೀದಾ ಒಳಗ ಹೋಗತೈತಿ. ಉಸರು ಆಡುವಂಥ ಒಂದು ಮುಸುಕು ಹೊಲದು ಕೊಡು. ಅಳತಿಗೆ ಅರ್ಧಪ್ಪ ಅದಾನ."

ಹೊಲಿಗೆ ಅಂದರೆ ನೀಲವ್ವನ ಕೈ ಸುಮ್ಮನಿರುತ್ತದೆಯೇ? ದಾರ ಹಿಡಿದು ನನ್ನ ಕುತ್ತಿಗೆಯ ಸುತ್ತಳತೆ ತೆಗೆದಳು. ಬೆರಳು ತೂತಿಗೆ ತಾಗಿತು. ಹಿಂದೆ ತೆಗೆಯಲಿಲ್ಲ.

"ಅಕ್ಕಾರ, ಉಸರು ಇಲ್ಲಿಂದನ ಬರತೈತೇನ್ರಿ?"

"ಹೂಂ ಯವ್ವಾ. ಇಲ್ಲಿಂದಷ್ಟ. ಬೇರೆ ದಾರಿ ಇಲ್ಲ."

"ಇಷ್ಟ ಸಣ್ಣದು." ಬೆರಳ ತುದಿಯಿಂದ ತೂತಿನ ಅಂಚನ್ನು ಸವರಿದಳು. "ಇಷ್ಟ ಸಣ್ಣ ಕಿಂಡಿ ಮ್ಯಾಲೆ ಇವರ ಜೀವ ನಿಂತೈತೇನು? ನನಗ ಒಂದ ದಿನಾನೂ ತೋರಿಸವಲ್ಲರು ನೋಡ್ರಿ."

ಆಮೇಲೆ ಅತ್ತಿತ್ತ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ ನನ್ನ ಕುತ್ತಿಗೆಗೆ ಬಾಯಿಟ್ಟು ಊದಿಬಿಟ್ಟಳು. ನನ್ನ ಎದೆ ಎದ್ದಿತು. "ಯವ್ವಾ, ಎದ್ದ!" ಅಂತ ಬೆಚ್ಚಿ ಹಿಂದೆ ಸರಿದಳು. ಆಮೇಲೆ ನಕ್ಕಳು, ಮತ್ತೊಮ್ಮೆ ಊದಿದಳು. ಫಕೀರಪ್ಪನಿಗೆ ಮನೆಗೆ ಹೋಗಲು ಅಪ್ಪಣೆ ಸಿಗುವವರೆಗೂ ದಿನಾ ಬುತ್ತಿ ಇಟ್ಟು ಬಂದು ನನ್ನನ್ನು ಬದುಕಿಸಿ ಹೋಗುತ್ತಿದ್ದಳು. ಅಪಶಕುನದ ಮಾತು ಮತ್ತೆ ಎತ್ತಲಿಲ್ಲ. ಗಂಡನಿಗೆ ಮಾತ್ರ ಇದನ್ನು ಹೇಳಲಿಲ್ಲ. ಅವಳು ಹೊಲಿದ ಮುಸುಕನ್ನು ಫಕೀರಪ್ಪ ಕಟ್ಟಿಕೊಂಡ, ಅದರ ಮೇಲೆ ಅದೇ ಹಳೆಯ ಮಫ್ಲರ್ ಸುತ್ತಿಕೊಂಡು ಊರಿಗೆ ಹೋದ.

ಕೆಲವು ತಿಂಗಳ ನಂತರ ಆ ಪೇಟೆಯಿಂದ ಕರೆ ಬಂತು. ಅಲ್ಲಿಯ ವರ್ತಕರ ಮುಖಂಡ ಮುರಿಗೆಪ್ಪ ಸಾವಕಾರರು, ಫಕೀರಪ್ಪನ ಬಾಲ್ಯದ ಗೆಳೆಯ. ಹಮಾಲರು ಮೆಣಸಿನಕಾಯಿ ಘಾಟಿಗೆ ಕೆಮ್ಮಿ ಕೆಮ್ಮಿ ಬೀಳುತ್ತಾರೆ, ಬಂದು ಪ್ರಥಮ ಚಿಕಿತ್ಸೆ ಹೇಳಿಕೊಡಿ ಅಂತ ದಾನಮ್ಮನನ್ನು ಕರೆದರು. ಹೇಗೂ ಸಭೆ ಸೇರುತ್ತದೆ, ಅದೇ ವೇದಿಕೆಯಲ್ಲಿ ನಮ್ಮ ಫಕೀರಪ್ಪನಿಗೆ ಒಂದು ಸನ್ಮಾನವನ್ನೂ ಮಾಡಿಬಿಡೋಣ ಎಂದು ನಿಶ್ಚಯಿಸಿದರು.

ಬೆಳಗಿನ ಹೊತ್ತು. ಯಾರ್ಡಿನ ತುಂಬ ಕೆಂಪು ರಾಶಿಗಳು, ಬಿಸಿಲಿಗೆ ಕಣ್ಣು ಕುಕ್ಕುತ್ತಿದ್ದವು. ನನ್ನನ್ನು ವೇದಿಕೆಯ ಒಂದು ಬದಿ ಚಾಪೆಯ ಮೇಲೆ ಮಲಗಿಸಿ ದಾನಮ್ಮ ಕೆಳಗಿಳಿದು, ಜನರ ಹಿಂದೆ ನಿಂತಿದ್ದ ಜೀಪಿನಿಂದ ಉಳಿದ ಸಾಮಾನು ತರಲು ಹೋದಳು. ಮೊದಲು ಸನ್ಮಾನ, ಆಮೇಲೆ ಪಾಠ. ಮೊದಲು ಪಾಠ ಆಗಿದ್ದರೆ ಎಷ್ಟು ಚೆನ್ನಾಗಿತ್ತು!

ಫಕೀರಪ್ಪ ಇಸ್ತ್ರಿ ಮಾಡಿದ ಬಿಳಿ ಧೋತರ ಉಟ್ಟು, ಮಫ್ಲರ್ ಸುತ್ತಿ ಕುರ್ಚಿಯ ಮೇಲೆ ಕೂತಿದ್ದ. ನೀಲವ್ವ ಹೆಂಗಸರ ಸಾಲಿನಲ್ಲಿದ್ದಳು. ಮುರಿಗೆಪ್ಪ ಸಾವಕಾರರು ಒಂದು ದಪ್ಪನೆಯ ಶಾಲನ್ನು ಗೆಳೆಯನಿಗೆ ಹೊದಿಸಿದರು. ಜಾರಬಾರದೆಂದು ಅದರ ಎರಡು ತುದಿಯನ್ನು ಕುತ್ತಿಗೆಯ ಮುಂದೆ ಎಳೆದು ಗಂಟು ಹಾಕಿದರು. ತಲೆಗೆ ಪೇಟ ಇಟ್ಟರು. ಆಮೇಲೆ ಹಾರ ಬಂತು. ಹೂವಿನ ಹಾರ ಎಲ್ಲರಿಗೂ ಹಾಕುತ್ತಾರೆ, ಫಕೀರಪ್ಪನಿಗೆ ಪೇಟೆಯ ಹಾರವೇ ಆಗಬೇಕೆಂದು ಒಣ ಮೆಣಸಿನಕಾಯಿ ಪೋಣಿಸಿ ತೋಳುದ್ದದ ಹಾರ ಮಾಡಿಸಿದ್ದರು. ಎಷ್ಟು ಪ್ರೀತಿಯಿಂದ ಮಾಡಿಸಿದ್ದರು ಎಂಬುದು ಸಾವಕಾರರ ಮುಖದಲ್ಲೇ ಕಾಣುತ್ತಿತ್ತು. ಹಾರ ಕುತ್ತಿಗೆಗೆ ಬಿತ್ತು. ನೆಲದಲ್ಲಿದ್ದ ನನಗೆ ಕೆಂಪು ಪುಡಿ ಉದುರುವುದು ಕಂಡಿತು.

ಫಕೀರಪ್ಪ ಕೆಮ್ಮಿದ. ಅವನ ಕೆಮ್ಮು ಬಾಯಿಂದ ಬರುವುದಿಲ್ಲವಲ್ಲ, ಶಾಲಿನೊಳಗೇ ಬುಸುಗುಟ್ಟಿತು, ಯಾರಿಗೂ ಕೇಳಲಿಲ್ಲ. ಫೋಟೋದವನು, "ಅಜ್ಜಾರ, ಇನ್ನೊಂದ, ಇತ್ತ ನೋಡ್ರಿ" ಅನ್ನುತ್ತಿದ್ದ. ಫಕೀರಪ್ಪ ಕೈ ಎತ್ತಿ ಶಾಲನ್ನು ಎಳೆಯಲು ನೋಡಿದ. ಸಾವಕಾರರು ಅವನ ಎರಡೂ ಕೈ ಹಿಡಿದು ಮುಗಿಯುವ ಭಂಗಿಗೆ ತಂದರು. ಅವನ ಕಣ್ಣಿಂದ ಧಾರೆಯಾಗಿ ನೀರು ಇಳಿಯಿತು. "ನೋಡ್ರಿ, ಖುಷಿಗೆ ಕಣ್ಣೀರು ಬಂತು!" ಅಂತ ಸಾವಕಾರರೇ ಮೈಕಿನಲ್ಲಿ ಹೇಳಿದರು. ಯಾರ್ಡೆಲ್ಲ ಚಪ್ಪಾಳೆ ತಟ್ಟಿತು. ಇಡೀ ಪೇಟೆಗೆ ಕೇಳುವಂತೆ ಕೂಗುತ್ತಿದ್ದ ಮನುಷ್ಯನಿಗೆ ಎದುರಿಗೆ ನಿಂತ ಗೆಳೆಯನಿಗೆ ಇದನ್ನು ತೆಗೆಯೋ ಎಂದು ಹೇಳಲಾಗಲಿಲ್ಲ. ನಾನು ನೋಡುತ್ತಾ ಬಿದ್ದಿದ್ದೆ. ಎರಡು ಕೈಯಾದರೂ ಇದ್ದಿದ್ದರೆ ಎಂದು ಜೀವಮಾನದಲ್ಲಿ ಮೊದಲ ಸಲ ಅನ್ನಿಸಿತು.

ಅವನು ಕುರ್ಚಿಯಿಂದ ಜಾರಿ ನನ್ನ ಪಕ್ಕದಲ್ಲೇ ಬಿದ್ದ.

ಮುಖಕ್ಕೆ ಮುಖ. ತುಟಿ ನೀಲಿಯಾಗುತ್ತಿತ್ತು. ನಾನು ಸಾವಿರ ಸಲ ಸತ್ತಿದ್ದೇನೆ, ಆದರೆ ಸಾವು ಹೇಗಿರುತ್ತದೆಂದು ಕಂಡದ್ದು ಅಂದೇ. ಜನ ನುಗ್ಗಿದರು. ಯಾರೋ ಬಾಯಿಗೆ ನೀರು ಬಿಟ್ಟರು. ಸಾವಕಾರರ ತಮ್ಮನ ಮಗ ಬಸಲಿಂಗ ಎಂಬ ತರುಣ ವ್ಯಾಪಾರಿ, ಎಲ್ಲೋ ಶಿಬಿರದಲ್ಲಿ ಕಲಿತಿದ್ದವನು, ಮಂಡಿಯೂರಿ ಮೂಗು ಹಿಡಿದು ಬಾಯಲ್ಲಿ ಊದತೊಡಗಿದ. ತಲೆ ಬಾಗಿಸಿದ್ದು ಸರಿ, ಗದ್ದ ಎತ್ತಿದ್ದು ಸರಿ, ಎಲ್ಲ ನನ್ನ ಹಳೆಯ ಶಾಲೆಯ ಪಾಠದಂತೆ ಸರಿ. ಎದೆ ಮಾತ್ರ ಏಳಲಿಲ್ಲ. ಅವನು ಬೆವರುತ್ತ ಮತ್ತೆ ಮತ್ತೆ ಊದಿದ.

"ಬಾಯಾಗಲ್ಲೋ ತಮ್ಮಾ! ಕುತಗ್ಯಾಗ! ಸರೀರಿ, ಎಲ್ಲಾರೂ ಸರೀರಿ!"

ನೀಲವ್ವ. ಗಂಡಸರನ್ನು ಮೊಣಕೈಯಿಂದ ತಿವಿದುಕೊಂಡು ವೇದಿಕೆ ಹತ್ತಿದ್ದಳು. ಹಾರವನ್ನು ಕಿತ್ತು ದೂರ ಎಸೆದಳು. ಶಾಲಿನ ಗಂಟು ಬಿಚ್ಚಿದಳು. ಮಫ್ಲರಿಗೆ ಕೈ ಹಾಕಿದಳು, ಒಂದೇ ಒಂದು ಗಳಿಗೆ ಅವಳ ಕೈ ತಡೆಯಿತು. ಫಕೀರಪ್ಪ ಅವಳಿಂದಲೂ ಮುಚ್ಚಿಟ್ಟದ್ದನ್ನು ಅವಳು ಇಡೀ ಪೇಟೆಯ ಎದುರು ತೆರೆಯಬೇಕಾಗಿತ್ತು. ತೆರೆದಳು. ತಾನೇ ಹೊಲಿದ ಮುಸುಕು ಕೆಂಪಗಾಗಿತ್ತು, ಅದನ್ನೂ ಕಿತ್ತಳು. ತೂತು ಕಫದಿಂದ ಕಟ್ಟಿತ್ತು. ಸೆರಗಿನ ತುದಿಯಿಂದ ಒರೆಸಿ ತೆಗೆದು, ಬಗ್ಗಿ ಬಾಯಿಟ್ಟು ಊದಿದಳು. ಎದೆ ಎದ್ದಿತು. ನಿಜವಾದ ಎದೆ.

ಆಗ ಜನರನ್ನು ಸೀಳಿಕೊಂಡು ದಾನಮ್ಮ ಬಂದಳು. ಕತ್ತು ಮುಟ್ಟಿ ನಾಡಿ ನೋಡಿದಳು, ಸಿಗಲಿಲ್ಲ. "ಯವ್ವಾ, ಬರೋಬ್ಬರಿ ಮಾಡೀದಿ. ತಮ್ಮಾ, ನಿನಗ ಎದಿ ಒತ್ತಾಕ ಬರತೈತಿ ಹೌದಿಲ್ಲೋ? ಒತ್ತು. ಗಟ್ಟಿ ಒತ್ತು, ನಿಲ್ಲಸಬ್ಯಾಡ." ಬಸಲಿಂಗ ಒತ್ತಿದ. ದಾನಮ್ಮ ಚೀಲದಿಂದ ಗಾಳಿ ಒತ್ತುವ ಚೆಂಡನ್ನೂ, ಕೂಸುಗಳ ಮುಖಕ್ಕೆ ಹಾಕುವ ಪುಟ್ಟ ಮಾಸ್ಕನ್ನೂ ತೆಗೆದಳು. ದೊಡ್ಡವರ ಮಾಸ್ಕ್ ಕುತ್ತಿಗೆಗೆ ಕೂರುವುದಿಲ್ಲ, ಕೂಸಿನದು ಆ ತೂತಿನ ಸುತ್ತ ಸರಿಯಾಗಿ ಕೂರುತ್ತದೆ. ನನ್ನ ಮೇಲೆಯೇ ಎಷ್ಟೋ ಸಲ ಕೂರಿಸಿ ನೋಡಿದ್ದಳು. ನೀಲವ್ವ ಮಾಸ್ಕನ್ನು ಅದುಮಿ ಹಿಡಿದಳು, ದಾನಮ್ಮ ಚೆಂಡನ್ನು ಒತ್ತಿದಳು.

ಅವನ ಎದೆಯಲ್ಲಿ ಸ್ಪ್ರಿಂಗ್ ಇರಲಿಲ್ಲ, ಟಕ್ ಅನ್ನಲಿಲ್ಲ. ಸರಿಯಾಗಿ ಒತ್ತುತ್ತಿದ್ದಾರೋ ಇಲ್ಲವೋ ಹೇಳುವವರು ಯಾರು? ನಾನು ಒಳಗೊಳಗೇ ಟಕ್, ಟಕ್ ಅನ್ನುತ್ತಲೇ ಇದ್ದೆ. ದೇವರೇ, ಇವನೊಬ್ಬ, ಇವನೊಬ್ಬ ಏಳಲಿ, ಆಮೇಲೆ ನನ್ನನ್ನು ಬೇಕಾದರೆ ಗುಜರಿಗೆ ಹಾಕು. ಸಾವಕಾರರು ಚೆಲ್ಲಿದ ಮೆಣಸಿನಕಾಯಿಗಳ ನಡುವೆ ಕುಸಿದು ಕೂತು, "ನನ್ನ ಕೈಯಾರೆ ಹಾಕಿದ್ನಲ್ಲೋ, ನನ್ನ ಕೈಯಾರೆ" ಅನ್ನುತ್ತಿದ್ದರು.

ಆಗ ಮಾಸ್ಕಿನೊಳಗಿಂದ ಒಂದು ಕೆಮ್ಮು ಬಂತು.

ಕುತ್ತಿಗೆಯಿಂದ ಬಂದ ಕೆಮ್ಮು, ಕೆಂಪು ಕಫ ಕಾರಿಕೊಂಡು, ಅಸಹ್ಯವಾದ ಕೆಮ್ಮು. ಎಂಥ ಚಂದದ ಕೆಮ್ಮು! ಮತ್ತೊಂದು ಬಂತು. ದಾನಮ್ಮ ಬಸಲಿಂಗನ ಕೈ ತಡೆದಳು. ಫಕೀರಪ್ಪನ ಎದೆ ತಾನಾಗಿಯೇ ಎದ್ದಿತು, ಇಳಿಯಿತು, ಎದ್ದಿತು. ನೀಲವ್ವ ಅಷ್ಟು ಹೊತ್ತು ಅಳದವಳು ಈಗ ಹೋ ಎಂದು ಅತ್ತುಬಿಟ್ಟಳು.

ಆಂಬುಲೆನ್ಸ್ ಬರುವವರೆಗೆ ಅವನನ್ನು ಒರಗಿಸಿ ಕೂರಿಸಿದರು. ದಾನಮ್ಮ ಸಾವಕಾರರ ಕಡೆ ತಿರುಗಿ, "ನಿಮಗ ಗೊತ್ತಿದ್ದಿಲ್ಲ ಅಣ್ಣಾರ. ಇವರು ಯಾರಿಗೂ ಹೇಳಿದ್ದಿಲ್ಲ. ಇನ್ನ ಹೇಳತಾರ" ಅಂದಳು. ಮೈ ನಡುಗುತ್ತಿದ್ದ ಫಕೀರಪ್ಪನಿಗೆ ನೀಲವ್ವ ಅದೇ ಶಾಲನ್ನು ಸೊಂಟದ ಕೆಳಗೆ ಹೊದಿಸಿದಳು. ಅವನ ಕೈ ಶಾಲಿನ ಒಳಗಿಂದ ಅವಳ ಕೈಯನ್ನು ಹುಡುಕಿತು. ಮೇಲಿದ್ದವರಿಗೆ ಏನೂ ಕಾಣಲಿಲ್ಲ. ನಾನು ನೆಲದಲ್ಲಿದ್ದೆನಲ್ಲ, ಶಾಲಿನ ಅಂಚು ನನ್ನ ಕಡೆ ಸ್ವಲ್ಪ ಎದ್ದಿತ್ತು. ಅವನು ಅವಳ ಯಾವ ಬೆರಳನ್ನೂ ಹಿಡಿಯಲಿಲ್ಲ. ಇಡೀ ಅಂಗೈಯನ್ನು ತನ್ನ ಅಂಗೈಯಿಂದ ಒತ್ತಿ ಹಿಡಿದ.

"ಏನಂತಾರ ಕಾಕೂ?" ಅಂತ ಬಸಲಿಂಗ ಕೇಳಿದ.

ನೀಲವ್ವ ಮೂಗು ಒರೆಸಿಕೊಂಡಳು. "ಟವೆಲ್ ಒಳಗಿನ ಮಾತು ಹೊರಗ ಹೇಳಬಾರದಪ್ಪಾ" ಅಂದಳು.

ಈಗ ನಾನು ಮುದುಕ. ರಬ್ಬರು ಸೆಟೆದಿದೆ, ತುಟಿ ಬಿರುಕು ಬಿಟ್ಟಿದೆ, ಸ್ಪ್ರಿಂಗ್ ಟಕ್ ಅನ್ನುವುದನ್ನು ನಿಲ್ಲಿಸಿ ಬಹಳ ದಿನವಾಯಿತು. ವಾರ್ಡಿನ ಕಿಟಕಿ ಪಕ್ಕದ ಮೂಲೆಯಲ್ಲಿ ನನ್ನನ್ನು ಕೂರಿಸಿದ್ದಾರೆ. ಹೊಸದಾಗಿ ಆಪರೇಶನ್ ಆದವರ ಹೆಂಡತಿಯರು, ಮಕ್ಕಳು ಬಂದಾಗ ಮಾತ್ರ ಮಲಗುತ್ತೇನೆ.

ಪಾಠದ ದಿನ ಫಕೀರಪ್ಪನೂ ಬರುತ್ತಾನೆ. ಮಫ್ಲರ್ ಇಲ್ಲ. ನೀಲವ್ವ ಹೊಲಿದ ತೆಳ್ಳನೆಯ ಮುಸುಕಿನ ಮೇಲೆ ಅವಳೇ ಕಸೂತಿಯಲ್ಲಿ ಒಂದು ಪುಟ್ಟ ಕೆಂಪು ಮೆಣಸಿನಕಾಯಿ ತೆಗೆದಿದ್ದಾಳೆ, ಜನ ಅದನ್ನು ನೋಡಿ ಏನಿದು ಅಂತ ಕೇಳಲಿ ಅಂತ. ಕೇಳಿದರೆ ಅವನು ಮುಸುಕು ಎತ್ತಿ ತೋರಿಸುತ್ತಾನೆ, ಅವಳು ಬಾಯಿ ತುಂಬ ಹೇಳುತ್ತಾಳೆ. ಬಾಗಿಲಲ್ಲಿ ಬುತ್ತಿ ಗಂಟು ಹಿಡಿದು ನಿಂತವರನ್ನು ಕೈಹಿಡಿದು ಒಳಗೆ ಕರೆತರುವುದೂ ಅವಳೇ.

ಮೊನ್ನೆ ಅವರು ಬರುವಾಗ ಆ ಸನ್ಮಾನದ ಶಾಲನ್ನು ತಂದಿದ್ದರು. ಒಗೆದು ಮಡಿಸಿದ್ದರು, ಮೆಣಸಿನಕಾಯಿ ವಾಸನೆ ಇನ್ನೂ ಸ್ವಲ್ಪ ಇತ್ತು. ಫಕೀರಪ್ಪ ಅದನ್ನು ಬಿಡಿಸಿ ನನ್ನ ಹೆಗಲಿಗೆ ಹೊದಿಸಿದ. ನೀಲವ್ವ ತಕ್ಷಣ ಮುಂದೆ ಬಂದು ಶಾಲನ್ನು ಎರಡೂ ಬದಿಗೆ ಸರಿಸಿ, ಕುತ್ತಿಗೆ ಬಿಟ್ಟು ಸರಿಪಡಿಸಿದಳು. ದಾನಮ್ಮ ಚಪ್ಪಾಳೆ ತಟ್ಟಿದಳು, ವಾರ್ಡಿನವರೆಲ್ಲ ತಟ್ಟಿದರು. ನನಗೂ ಒಂದು ಸನ್ಮಾನ! ಬದುಕಿದವನೊಬ್ಬ ತಿರುಗಿ ಬಂದು ಹೇಳಲಿ ಅಂತ ಎಷ್ಟು ವರ್ಷ ಕಾದಿದ್ದೆ.

ಫಕೀರಪ್ಪ ನನ್ನ ಕೈಗಾಗಿ ನೋಡಿದ. ಅರ್ಧಪ್ಪನಿಗೆ ಕೈ ಎಲ್ಲಿಂದ ಬರಬೇಕು? ಅವನು ಶಾಲಿನ ಕೆಳಗೆ ಕೈ ಹಾಕಿ, ಇಡೀ ಅಂಗೈಯನ್ನು ನನ್ನ ಎದೆಯ ಮೇಲಿಟ್ಟು ಗಟ್ಟಿಯಾಗಿ ಒತ್ತಿ ಹಿಡಿದ. ಬಹಳ ಹೊತ್ತು ತೆಗೆಯಲಿಲ್ಲ.

"ಕುದುರಿತಿಲ್ಲೋ ವ್ಯಾಪಾರ?" ಅಂದಳು ನೀಲವ್ವ. "ಏಳ್ರಿ ಇನ್ನ, ಬಸ್ ಹೋಗತೈತಿ."